ಹಬ್ಬ ಯಾರದು, ಶುಭಾಶಯ ಯಾವುದು?

ರಜಾ ಪಟ್ಟಿಯಲ್ಲಿ ಮೊಹರಂ, ಗುಡ್ ಫ್ರೈಡೇ, ಬಕ್ರೀದ್, ಮಹಾವೀರ ಜಯಂತಿ, ದೀಪಾವಳಿ ಎಲ್ಲವೂ ಒಂದೇ ಕೆಂಪು ಬಣ್ಣದಲ್ಲಿರುತ್ತವೆ. ಬೆಳಿಗ್ಗೆ ಎದ್ದು ಅದನ್ನು ನೋಡಿದವರು ಹೂವಿನ ಚಿತ್ರವೊಂದನ್ನು ಹುಡುಕಿ ಅಪಾರ್ಟ್‌ಮೆಂಟಿನ ಗುಂಪಿಗೂ ಕಚೇರಿಯ ಗುಂಪಿಗೂ ಕಳಿಸುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಆ ದಿನ ಎದುರಿನವರ ಮನೆಯಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯದೆ ಹೇಳಿದ ಶುಭಾಶಯ ಅವರನ್ನು ಮುಟ್ಟುವುದಿಲ್ಲ. ಕೆಲವೊಮ್ಮೆ ನೋಯಿಸುತ್ತದೆ ಕೂಡ.

ತಪ್ಪು ಕಲ್ಪನೆ: ರಜೆಯಿದ್ದ ದಿನವೆಲ್ಲ ಶುಭಾಶಯದ ದಿನ

ಕ್ರಿ.ಶ. 680ರಲ್ಲಿ, ಮೊಹರಂ ತಿಂಗಳ ಹತ್ತನೆಯ ದಿನ, ಪ್ರವಾದಿಯವರ ಮೊಮ್ಮಗ ಇಮಾಮ್ ಹುಸೇನರು ಕರ್ಬಲಾದಲ್ಲಿ ಹುತಾತ್ಮರಾದರು. ಶಿಯಾ ಮುಸ್ಲಿಮರಿಗೆ ಅದು ಶೋಕದ ಕಾಲ. ಗೌರಿಬಿದನೂರು ತಾಲ್ಲೂಕಿನ ಅಲಿಪುರದಂಥ ಊರಿನಲ್ಲಿ ಆ ದಿನಗಳೆಂದರೆ ಕಪ್ಪು ಬಟ್ಟೆ, ಮಜ್ಲಿಸ್ ಎಂಬ ಶೋಕಸಭೆ, ಎದೆ ಬಡಿದುಕೊಳ್ಳುವ ಮಾತಂ. ಸುನ್ನಿಗಳಲ್ಲಿ ಅನೇಕರು ಹತ್ತನೆಯ ದಿನ ಉಪವಾಸ ಹಿಡಿಯುತ್ತಾರೆ. 'ಹ್ಯಾಪಿ ಮೊಹರಂ' ಎಂಬ ಮಾತಿಗೆ ಎರಡೂ ಕಡೆ ಜಾಗವಿಲ್ಲ.

ಉತ್ತರ ಕರ್ನಾಟಕದವರು ತಕ್ಷಣ ಕೇಳುತ್ತಾರೆ: ನಮ್ಮೂರಾಗ ಅದು ಹಬ್ಬಾನೇ ಅಲ್ಲೇನ್ರಿ? ಹೌದು, ಹಬ್ಬವೇ. ರಾಯಚೂರು ಜಿಲ್ಲೆಯ ಮುದಗಲ್ಲಿನಲ್ಲಿ ಸಾವಿರಾರು ಜನ ಸೇರುತ್ತಾರೆ. ಎಷ್ಟೋ ಹಳ್ಳಿಗಳಲ್ಲಿ ಅಲಾಯಿ ದೇವರನ್ನು, ಎಂದರೆ ಮೊಹರಂನ ಪಂಜಾಗಳನ್ನು, ಕೂರಿಸುವುದು ಊರಿನ ಎಲ್ಲ ಜಾತಿಯವರ ಕೆಲಸ. ಹಿಂದೂ ಮನೆಯವರೂ ಫಕೀರರಾಗುವ ಹರಕೆ ಹೊರುತ್ತಾರೆ, ಸಕ್ಕರೆ ಓದಿಸುತ್ತಾರೆ, ಚೋಂಗೆ ಮಾಡುತ್ತಾರೆ. ಆದರೂ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತ ಹಾಡುವ ರಿವಾಯತ್ ಪದಗಳು ಕರ್ಬಲಾದ ಸಂಕಟವನ್ನೇ ಹೇಳುತ್ತವೆ. ಅಲ್ಲಿನ ಸಂಭ್ರಮ ದುಃಖವನ್ನು ಮರೆತದ್ದಲ್ಲ, ಊರೆಲ್ಲ ಸೇರಿ ಅದನ್ನು ಹೊತ್ತದ್ದು. ಆ ಊರಿನವರಿಗೆ ಸಿದ್ಧ ಸಂದೇಶ ಬೇಕಾಗಿಲ್ಲ. 'ದೇವರು ಕುಂತಾವೇನ್ರಿ? ಬರ್ತೀವಿ' ಎಂದರೆ ಸಾಕು.

ಗುಡ್ ಫ್ರೈಡೇಯೂ ಹೀಗೆಯೇ. ಯೇಸು ಶಿಲುಬೆಯ ಮೇಲೆ ಪ್ರಾಣಬಿಟ್ಟ ದಿನ ಅದು. ಅಂದು ಕಥೋಲಿಕ ಚರ್ಚುಗಳಲ್ಲಿ ಬಲಿಪೂಜೆ ಇರುವುದಿಲ್ಲ. ಭಕ್ತರು ಉಪವಾಸವಿದ್ದು ಶಿಲುಬೆ ಹಾದಿಯ ಪ್ರಾರ್ಥನೆಗೆ ಹೋಗುತ್ತಾರೆ. ಅಂದು ಸುಮ್ಮನಿದ್ದು ಭಾನುವಾರ ಈಸ್ಟರ್ ಶುಭಾಶಯ ಹೇಳಿದರೆ ಆ ಮಾತಿಗೆ ತೂಕ ಬರುತ್ತದೆ. ಸಿಖ್ಖರ ಗುರು ಅರ್ಜನ ದೇವ, ಗುರು ತೇಗ್ ಬಹಾದೂರ್ ಹುತಾತ್ಮರಾದ ದಿನಗಳೂ ಸ್ಮರಣೆಯ ದಿನಗಳು. ಗುರು ನಾನಕ್ ಜಯಂತಿಯ ಶುಭಾಶಯವನ್ನು ಅಲ್ಲಿಗೆ ಎತ್ತಿಡಬಾರದು.

ತಪ್ಪು ಕಲ್ಪನೆ: ರಂಜಾನ್ ಎಂದರೆ ಒಂದು ದಿನದ ಹಬ್ಬ, ಅದು ಎಲ್ಲ ಕಡೆ ಒಂದೇ ದಿನ

ರಂಜಾನ್ ಒಂದು ತಿಂಗಳ ಹೆಸರು. ಹಬ್ಬ ಬರುವುದು ಆ ತಿಂಗಳ ಉಪವಾಸ ಮುಗಿದು ಶವ್ವಾಲ್ ತಿಂಗಳ ಚಂದ್ರ ಕಂಡ ಮೇಲೆ. ತಿಂಗಳು ಶುರುವಾದಾಗ 'ರಂಜಾನ್ ಮುಬಾರಕ್', ಹಬ್ಬದಂದು 'ಈದ್ ಮುಬಾರಕ್'. ಬಕ್ರೀದಿಗೂ 'ಈದ್ ಮುಬಾರಕ್' ಸಲ್ಲುತ್ತದೆ.

ದಿನದ ವಿಷಯದಲ್ಲಿ ಕರ್ನಾಟಕದೊಳಗೇ ವ್ಯತ್ಯಾಸವಾಗುವುದುಂಟು. ದಕ್ಷಿಣ ಕನ್ನಡ, ಉಡುಪಿ, ಭಟ್ಕಳದ ಕಡೆ ಕೇರಳದ ಕರಾವಳಿಯಲ್ಲಿ ಚಂದ್ರದರ್ಶನವಾದ ಸುದ್ದಿಯನ್ನು ಸಾಮಾನ್ಯವಾಗಿ ಒಪ್ಪುತ್ತಾರೆ. ಹಾಗಾಗಿ ಮಂಗಳೂರಿನ ಗೆಳೆಯ ನಮಾಜು ಮುಗಿಸಿ ಹಬ್ಬದೂಟಕ್ಕೆ ಕುಳಿತಿರುವಾಗ ಬೆಂಗಳೂರಿನ ಸಹೋದ್ಯೋಗಿ ಇನ್ನೂ ಉಪವಾಸದಲ್ಲಿರಬಹುದು. ಅವರವರ ಊರಿನಲ್ಲಿ ಹಬ್ಬ ಯಾವತ್ತು ಎಂದು ಹಿಂದಿನ ರಾತ್ರಿ ಕೇಳಿಕೊಳ್ಳಿ. ಹಾಗೆ ಕೇಳುವುದೂ ಪ್ರೀತಿಯೇ.

ತಪ್ಪು ಕಲ್ಪನೆ: ದೀಪ ಹಚ್ಚಿದವರೆಲ್ಲ ಒಂದೇ ಕಾರಣಕ್ಕೆ ಹಚ್ಚುತ್ತಾರೆ

ಜೈನರಿಗೆ ದೀಪಾವಳಿ ಮಹಾವೀರರು ನಿರ್ವಾಣ ಹೊಂದಿದ ದಿನ. ಸಿಖ್ಖರಿಗೆ ಗುರು ಹರಗೋಬಿಂದರು ಗ್ವಾಲಿಯರ್ ಕೋಟೆಯ ಸೆರೆಯಿಂದ ಬಿಡುಗಡೆಯಾದ ನೆನಪಿನ ಬಂದಿ ಛೋಡ್ ದಿವಸ. ಇಬ್ಬರಿಗೂ ದೀಪಾವಳಿಯ ಶುಭಾಶಯ ಹೇಳಬಹುದು. ನರಕಾಸುರನ ಕಥೆ ಜೊತೆಗೆ ಬೇಡ, ಅಷ್ಟೆ.

ವಿಜಯದಶಮಿಯ ವಿಷಯ ಇನ್ನೂ ಸೂಕ್ಷ್ಮ. 1956ರ ಅಕ್ಟೋಬರ್ 14ರಂದು, ಅಶೋಕ ವಿಜಯದಶಮಿಯ ದಿನ, ಡಾ. ಅಂಬೇಡ್ಕರ್ ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಬೌದ್ಧ ಧರ್ಮ ಸ್ವೀಕರಿಸಿದರು. ಕಲಬುರಗಿ, ಬೀದರ್ ಕಡೆಯ ಬೌದ್ಧರಲ್ಲಿ ಹಲವರು ಆ ಹೊತ್ತಿಗೆ ದೀಕ್ಷಾಭೂಮಿಗೆ ಹೊರಡುತ್ತಾರೆ. ಅವರಿಗೆ ಅದು ಧಮ್ಮ ಚಕ್ರ ಪ್ರವರ್ತನ ದಿನ. ದೇವಿಯ ಚಿತ್ರವಿರುವ ದಸರಾ ಸಂದೇಶ ಅವರ ಆಯ್ಕೆಯನ್ನೇ ಕಾಣದಂತೆ ಮಾಡುತ್ತದೆ. 'ಜೈ ಭೀಮ್, ಧಮ್ಮ ಚಕ್ರ ಪ್ರವರ್ತನ ದಿನದ ಶುಭಾಶಯ' ಎಂದು ಹೇಳಿ ನೋಡಿ, ಅವರ ಮುಖ ಹೇಗೆ ಅರಳುತ್ತದೆಂದು.

ತಪ್ಪು ಕಲ್ಪನೆ: ದೊಡ್ಡ ಹಬ್ಬಕ್ಕೆ ಹೇಳಿದರೆ ಸಾಕು

ಕ್ರಿಸ್‌ಮಸ್ಸಿಗೆ ಎಲ್ಲರೂ ಹೇಳುತ್ತಾರೆ. ಆದರೆ ಸೆಪ್ಟೆಂಬರ್ 8ರಂದು ಕರಾವಳಿಯ ಕಥೋಲಿಕರಿಗೆ ಮೊಂತಿ ಫೆಸ್ತ್: ಮೇರಿ ಮಾತೆಯ ಜನ್ಮದಿನ, ಹೊಸ ತೆನೆಯ ಹಬ್ಬ. ಮಕ್ಕಳು ಒಂಬತ್ತು ದಿನ ಮಾತೆಗೆ ಹೂ ಅರ್ಪಿಸುತ್ತಾರೆ, ಚರ್ಚಿನಿಂದ ಆಶೀರ್ವದಿಸಿದ ತೆನೆ ಮನೆಗೆ ಬರುತ್ತದೆ, ಮನೆಮಂದಿ ಒಟ್ಟಿಗೆ ಕುಳಿತು ಸಸ್ಯಾಹಾರದ ಊಟ ಮಾಡುತ್ತಾರೆ. ಕೆಲಸಕ್ಕೆಂದು ಊರು ಬಿಟ್ಟು ಬಂದವರಿಗೆ ಅಂದು ಮನೆಯ ನೆನಪು ಜಾಸ್ತಿ. ಬೈಲುಕುಪ್ಪೆ, ಮುಂಡಗೋಡಿನ ಟಿಬೆಟನ್ನರಿಗೆ ಹೊಸ ವರ್ಷ ಲೋಸರ್. ಅಂದು 'ತಾಶಿ ದೆಲೆಕ್' ಎನ್ನಬೇಕು. 2008ರಲ್ಲಿ ಟಿಬೆಟ್‌ನಲ್ಲಿ ಸಾವುನೋವು ಸಂಭವಿಸಿದ ಮರುವರ್ಷ ಅವರಲ್ಲಿ ಅನೇಕರು ಲೋಸರ್ ಸಂಭ್ರಮವನ್ನೇ ಕೈಬಿಟ್ಟರು ಎಂಬುದನ್ನೂ ಅವರ ನೆರೆಯವರು ತಿಳಿದಿರಬೇಕು.

ಜೈನರ ಕ್ಷಮಾವಣಿಯಂತೂ ಶುಭಾಶಯಕ್ಕಿಂತ ದೊಡ್ಡದು. ದಶಲಕ್ಷಣ ಪರ್ವ ಮುಗಿದ ಮೇಲೆ ನಮ್ಮ ಕಡೆಯ ದಿಗಂಬರರು 'ಉತ್ತಮ ಕ್ಷಮಾ' ಎನ್ನುತ್ತಾರೆ. ಶ್ವೇತಾಂಬರರು ಸಂವತ್ಸರಿಯಂದು 'ಮಿಚ್ಛಾಮಿ ದುಕ್ಕಡಂ' ಎನ್ನುತ್ತಾರೆ. ಇದಕ್ಕೆ 'ನಿಮಗೂ ಹಬ್ಬದ ಶುಭಾಶಯ' ಎಂಬ ಉತ್ತರ ಹೊಂದುವುದಿಲ್ಲ. ಅವರು ಕ್ಷಮೆ ಕೇಳುತ್ತಿದ್ದಾರೆ. ನೀವೂ ಕೇಳಿ.

ತಪ್ಪು ಕಲ್ಪನೆ: ಬೇರೆಯವರ ಹಬ್ಬಕ್ಕೆ ಶುಭ ಕೋರಿದರೆ ನಮ್ಮ ನಂಬಿಕೆ ಸಡಿಲವಾಗುತ್ತದೆ

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ದಸರೆಯ ಸಂಜೆ 'ಬನ್ನಿ ತಗೊಂಡು ಬಂಗಾರದಂಗ ಇರೋಣ' ಎಂದು ಮುಸ್ಲಿಮರ ಕೈಗೂ ಬನ್ನಿ ಸಿಗುತ್ತದೆ, ಅವರ ಕೈಯಿಂದಲೂ ಬರುತ್ತದೆ. ಮಂಗಳೂರಿನ ಕ್ರೈಸ್ತರ ಮನೆಯ ಕ್ರಿಸ್‌ಮಸ್ ತಿಂಡಿ ಕುಸ್ವಾರ್ ಡಿಸೆಂಬರಿನಲ್ಲಿ ಪಕ್ಕದ ಮನೆಗೆ ಹೋಗದೆ ಇರುವುದಿಲ್ಲ. ಅದರಿಂದ ಯಾರೂ ಮತಾಂತರವಾಗಿಲ್ಲ.

ಆದರೆ ಬೇಡವೆನ್ನುವ ಹಕ್ಕು ಎದುರಿನವರಿಗಿದೆ. ಯೆಹೋವನ ಸಾಕ್ಷಿಗಳು ಕ್ರೈಸ್ತರೇ ಆದರೂ ಕ್ರಿಸ್‌ಮಸ್ ಆಚರಿಸುವುದಿಲ್ಲ. ಈದ್ ಮಿಲಾದನ್ನು ಆಚರಿಸದ ಮುಸ್ಲಿಮರಿದ್ದಾರೆ. ಶುಭಾಶಯ ಒಪ್ಪಿದವರು ಪ್ರಸಾದವನ್ನು ಒಪ್ಪದಿರಬಹುದು. ಅದನ್ನು ಅವಮಾನವೆಂದು ತಿಳಿಯಬೇಕಾಗಿಲ್ಲ, ಒತ್ತಾಯವಂತೂ ಕೂಡದು.

ತಪ್ಪು ಕಲ್ಪನೆ: ಎಲ್ಲರಿಗೂ ಸಲ್ಲುವ ಒಂದು ಸಾಮಾನ್ಯ ಮಾತು ಇದ್ದರೆ ತೊಂದರೆಯೇ ಇಲ್ಲ

ಗುಂಪಿಗೆ ಸರಿ. ಅಮೆರಿಕದಲ್ಲಿರುವ ಕನ್ನಡಿಗರು ಡಿಸೆಂಬರಿನಲ್ಲಿ ಕಚೇರಿಯವರಿಗೆಲ್ಲ 'ಹ್ಯಾಪಿ ಹಾಲಿಡೇಸ್' ಎನ್ನುವುದು ಒಳ್ಳೆಯ ರೂಢಿ. ಪಕ್ಕದ ಮೇಜಿನ ಯಹೂದಿ ಗೆಳತಿಗೆ ಅಷ್ಟೇ ಸಾಲದು. ಎಂಟು ದಿನದ ಹನುಕ್ಕಾ ಯಹೂದಿಗಳ ಕ್ರಿಸ್‌ಮಸ್ ಅಲ್ಲ. ಅವರ ಹೊಸ ವರ್ಷ ರೋಶ್ ಹಶಾನಾ ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆಗ ನೆನಪಿಟ್ಟು ಹೇಳಿದ ಮಾತು ಬೇರೆಯೇ.

ತಪ್ಪು ಕಲ್ಪನೆ: ಧರ್ಮ ಗೊತ್ತಾದರೆ ಎಲ್ಲ ಗೊತ್ತಾದಂತೆ

ಸಾವು ನಡೆದ ಹಿಂದೂ ಮನೆಗಳಲ್ಲಿ ಸಾಮಾನ್ಯವಾಗಿ ವರ್ಷ ತುಂಬುವವರೆಗೆ ಹಬ್ಬ ಮಾಡುವುದಿಲ್ಲ. ಬೇರೆ ಧರ್ಮದವರ ಮನೆಯಲ್ಲೂ ಮೊದಲ ಹಬ್ಬ ಭಾರವಾದದ್ದೇ. ಅಲ್ಲಿಗೆ ಪಟಾಕಿಯ ಚಿತ್ರ ಕಳಿಸದೆ, ಸಾಧ್ಯವಾದರೆ ಹೋಗಿ ಸ್ವಲ್ಪ ಹೊತ್ತು ಕುಳಿತು ಬನ್ನಿ. ದೂರವಿದ್ದರೆ ಫೋನು ಮಾಡಿ ಊಟ ಆಯಿತೇ ಎಂದು ಕೇಳಿ. ವರ್ಷಾಂತಿಕ ಕಳೆದ ಮೇಲೆ ಬರುವ ಹಬ್ಬಕ್ಕೆ ಮಾತ್ರ ಮರೆಯದೆ ಶುಭಾಶಯ ಹೇಳಿ. ಹೇಳಬಹುದೋ ಬಾರದೋ ಎಂಬ ಅಳುಕಿನಲ್ಲಿ ಹೆಚ್ಚಿನವರು ಆ ವರ್ಷವೂ ಸುಮ್ಮನಿದ್ದುಬಿಡುತ್ತಾರೆ.