ಬಣ್ಣ ನೋಡುವ ಮುನ್ನ ಲೋಹ ಕೇಳಿ

ಹೊಸ ಮನೆಯ ಕೆಲಸದಲ್ಲಿ ಬಾಗಿಲ ಹಿಡಿ, ಚಿಲಕ, ಬಿಜಾಗರಿಗಳ ಸರದಿ ಬರುವುದು ಕೊನೆಗೆ, ಕೈಯಲ್ಲಿ ದುಡ್ಡೂ ತಾಳ್ಮೆಯೂ ಮುಗಿಯುತ್ತ ಬಂದಾಗ. ಒಕ್ಕಲಿನ ದಿನ ಹತ್ತಿರವಾಗಿರುತ್ತದೆ, ಆಚಾರಿಗಳು "ಸಾಮಾನು ಯಾವಾಗ ತರ್ತೀರಿ" ಎಂದು ಫೋನ್ ಮಾಡುತ್ತಿರುತ್ತಾರೆ. ಅಂಗಡಿಯ ಗೋಡೆಗೆ ಸಾಲಾಗಿ ತೂಗುಹಾಕಿದ ಹ್ಯಾಂಡಲ್‌ಗಳಲ್ಲಿ ಕಣ್ಣಿಗೆ ಹಿಡಿಸಿದ್ದನ್ನು ಕಟ್ಟಿಸಿಕೊಂಡು ಬರುತ್ತೇವೆ. ಒಳಕೋಣೆಗಾದರೆ ಅಷ್ಟು ಸಾಕು. ಬಿಸಿಲು, ಮಳೆ, ಉಪ್ಪುಗಾಳಿಗೆ ಮೈಯೊಡ್ಡಿ ನಿಲ್ಲುವ ಹೊರಬಾಗಿಲಿಗೆ ಸಾಲದು. ಮಲ್ಪೆ, ಸುರತ್ಕಲ್, ಕಾರವಾರದ ಬದಿಯಲ್ಲಿ ಮನೆ ಕಟ್ಟಿದವರಿಗೆ ಇದು ಒಂದೆರಡು ಮಳೆಗಾಲದಲ್ಲೇ ಗೊತ್ತಾಗುತ್ತದೆ.

"ಎಸ್.ಎಸ್. ಅಂದಮೇಲೆ ತುಕ್ಕಿನ ಮಾತೇ ಇಲ್ಲ." ಜನರನ್ನು ಅತಿ ಹೆಚ್ಚು ದಾರಿ ತಪ್ಪಿಸಿದ ನಂಬಿಕೆ ಇದು. ಸ್ಟೇನ್‌ಲೆಸ್ ಸ್ಟೀಲನ್ನು ಕಾಯುವುದು ಅದರೊಳಗಿನ ಕ್ರೋಮಿಯಂ. ಗಾಳಿಯ ಆಮ್ಲಜನಕದ ಜೊತೆ ಸೇರಿ ಅದು ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಕಟ್ಟುತ್ತದೆ. ಗೀರು ಬಿದ್ದರೂ ಪೊರೆ ತಾನಾಗಿ ಮತ್ತೆ ಕೂಡಿಕೊಳ್ಳುತ್ತದೆ. ಆದರೆ ಉಪ್ಪಿನ ಕ್ಲೋರೈಡ್ ಆ ಪೊರೆಯನ್ನು ಸೂಜಿಮೊನೆಯಷ್ಟು ಜಾಗದಲ್ಲಿ ಒಡೆದರೂ ಸಾಕು, ಅಲ್ಲಿಂದ ಗುಳಿ ಬೀಳಲು ಶುರು. ಎಷ್ಟು ತಡೆದೀತು ಎಂಬುದು ಗ್ರೇಡಿನ ಮೇಲಿದೆ. 304ರಲ್ಲಿ ಸುಮಾರು ಶೇ. 18 ಕ್ರೋಮಿಯಂ, ಶೇ. 8 ನಿಕ್ಕಲ್ ಇರುತ್ತದೆ. 316ರಲ್ಲಿ ಕ್ರೋಮಿಯಂ, ನಿಕ್ಕಲ್‌ಗಳ ಜೊತೆಗೆ ಶೇ. 2ರಿಂದ 3ರಷ್ಟು ಮಾಲಿಬ್ಡಿನಂ. ಉಪ್ಪಿಗೆ ಎದುರು ನಿಲ್ಲುವ ಹೆಚ್ಚಿನ ಶಕ್ತಿ ಬರುವುದು ಅದರಿಂದ. ಅಗ್ಗದ ಸಾಮಾನಿನಲ್ಲಿ ಕಾಣುವ 202ರಲ್ಲಿ ನಿಕ್ಕಲ್ ಇಳಿಸಿ ಮ್ಯಾಂಗನೀಸ್ ಸೇರಿಸಿರುತ್ತಾರೆ. ಅಂಗಡಿಯ ದೀಪದಡಿ ಮೂರರ ಹೊಳಪೂ ಒಂದೇ. ಆದ್ದರಿಂದ ಗ್ರೇಡನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಘಟ್ಟದ ಮೇಲೆ, ಹಾಸನ ಧಾರವಾಡದಂಥ ಊರುಗಳಲ್ಲಿ 304 ಧಾರಾಳ ಸಾಕು. ಕಡಲ ಮಗ್ಗುಲಲ್ಲಿ 316ಕ್ಕೆ ಕೊಟ್ಟ ಹೆಚ್ಚಿನ ಹಣ ದಂಡವಲ್ಲ.

ಅಯಸ್ಕಾಂತ ಹಿಡಿದು ಅಂಗಡಿಗೆ ಹೋಗುವವರೂ ಇದ್ದಾರೆ. ಅಂಟದಿದ್ದರೆ ಒಳ್ಳೆಯ ಸ್ಟೀಲು ಎಂಬುದು ಅವರ ಲೆಕ್ಕ. 202 ಕೂಡ ಸಾಮಾನ್ಯವಾಗಿ ಅಂಟುವುದಿಲ್ಲ. ಅಸಲಿ 304ನ್ನೇ ಬಗ್ಗಿಸಿ, ಒತ್ತಿ ಆಕಾರ ಕೊಟ್ಟ ಕಡೆ ಅಯಸ್ಕಾಂತ ತುಸು ಎಳೆಯಬಹುದು. ಲೇಪ ಹಚ್ಚಿದ ಸಾದಾ ಕಬ್ಬಿಣವನ್ನು ಹಿಡಿಯಲು ಈ ಉಪಾಯ ಸರಿ, ಗ್ರೇಡ್ ತಿಳಿಯಲು ಅಲ್ಲ.

"ನಮ್ಮ ಬಾಗಿಲು ಮಾಡಿನಡಿ ಇದೆ, ಮಳೆ ತಾಗುವುದೇ ಇಲ್ಲ." ಮರಕ್ಕೆ ಅದು ಒಳ್ಳೆಯದೇ. ಕರಾವಳಿಯಲ್ಲಿ ಸ್ಟೀಲಿನ ಮಟ್ಟಿಗೆ ಮಾತ್ರ ಲೆಕ್ಕ ತಿರುಗುಮುರುಗು. ಜೋರು ಮಳೆ ಹಿಡಿಯ ಮೇಲಿನ ಉಪ್ಪನ್ನು ತೊಳೆದು ಒಯ್ಯುತ್ತದೆ. ಮಾಡಿನಡಿಗೆ ಉಪ್ಪು ತರುವ ಗಾಳಿ ಬರುತ್ತದೆ, ತೊಳೆಯುವ ಮಳೆ ಬರುವುದಿಲ್ಲ. ಕೂತ ಉಪ್ಪು ತೇವ ಹೀರುತ್ತ ಚಹಾ ಚೆಲ್ಲಿದಂಥ ಕಂದು ಕಲೆ ಬಿಡುತ್ತದೆ. ಮ್ಯಾಟ್ ಫಿನಿಶ್ ಬೆರಳಚ್ಚನ್ನು ಮುಚ್ಚುತ್ತದೆ ನಿಜ, ಆದರೆ ಉಜ್ಜಿದ ಗೆರೆಗಳು ಒರಟಾದಷ್ಟೂ ಅಲ್ಲಿ ಉಪ್ಪು ಹೆಚ್ಚು ನಿಲ್ಲುತ್ತದೆ. ನುಣುಪು ಮೈಯೇ ಮೇಲು. ಹದಿನೈದು ದಿನಕ್ಕೊಮ್ಮೆ ಬಾವಿನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಬಟ್ಟೆ ಆಡಿಸಿದರೆ ಆಯಿತು. ಕಡಲ ತೀರದ ಬಾವಿಯ ನೀರೇ ಸವುಳಾಗಿದ್ದರೆ ಬೇರೆ ಸಿಹಿನೀರು ಬಳಸಿ.

ಹಿತ್ತಾಳೆಯ ವಿಷಯದಲ್ಲಿ ನನಗೆ ಪಕ್ಷಪಾತವಿದೆ. ಹಳೆಯ ಮನೆಗಳ ಹೆಬ್ಬಾಗಿಲಲ್ಲಿ ಕೈ ತಾಗಿ ತಾಗಿ ಹೊಳೆಯುವ ಬಳೆಗಿಂತ ಚೆಂದದ ಫಿನಿಶ್ ನಾನು ಕಂಡಿಲ್ಲ. "ಹಿತ್ತಾಳೆ ಕಪ್ಪಾಯಿತು, ಹಾಳಾಯಿತು" ಎಂದು ಜನ ಗಾಬರಿಯಾಗುತ್ತಾರೆ. ತಾಮ್ರ ಮತ್ತು ಸತುವಿನ ಈ ಮಿಶ್ರಲೋಹಕ್ಕೆ ಕಬ್ಬಿಣದಂತೆ ತುಕ್ಕು ಬರುವುದಿಲ್ಲ. ಮೇಲ್ಮೈ ಕಪ್ಪಾಗುತ್ತದೆ, ಕೆಲವೆಡೆ ಹಸಿರು ಕಿಲುಬು ಏಳುತ್ತದೆ, ತಿಕ್ಕಿದರೆ ಮತ್ತೆ ಬೆಳಗುತ್ತದೆ. ಅಂಗಡಿಯಲ್ಲಿ ಫಳಫಳ ಹೊಳೆಯುವ ಹೊಸ ಹಿತ್ತಾಳೆಯ ಮೇಲೆ ಹೆಚ್ಚಾಗಿ ಪಾರದರ್ಶಕ ಲ್ಯಾಕರ್ ಇರುತ್ತದೆ. ಬಿಸಿಲಿಗೆ ಅದು ಬಿರಿದು, ಸಂದಿಯಲ್ಲಿ ತೇವ ಸೇರಿ, ಮಚ್ಚೆ ಮಚ್ಚೆಯಾಗಿ ಕಪ್ಪಾಗುತ್ತದೆ. ಅಂಥದ್ದನ್ನು ಹುಣಸೆಹುಳಿ ಹಾಕಿ ತಿಕ್ಕಿದರೆ ಇನ್ನಷ್ಟು ಕೆಡುತ್ತದೆ. ಲ್ಯಾಕರನ್ನು ಪೂರ್ತಿ ತೆಗೆಸಿದ ಮೇಲೆ ಹಬ್ಬಕ್ಕೊಮ್ಮೆ ಬೆಳಗಬಹುದು. ನಿಜವಾಗಿ ಹೆದರಬೇಕಾದದ್ದು 'ಆ್ಯಂಟಿಕ್ ಬ್ರಾಸ್' ಎಂಬ ಹೆಸರಿಗೆ. ಎಷ್ಟೋ ಸಲ ಅದು ಬರೀ ಬಣ್ಣದ ಹೆಸರು, ಒಳಗಿರುವುದು ಅಚ್ಚಿಗೆ ಎರೆದ ಸತುವಿನ ಮಿಶ್ರಲೋಹ. ಲೇಪ ಒಡೆದರೆ ಒಳಗಿನ ಸತು ಕೊರೆದು ಬೊಬ್ಬೆ ಏಳುತ್ತದೆ, ಅದನ್ನು ಬೆಳಗಿ ಸರಿಪಡಿಸಲಾಗದು. ಕೈಯಲ್ಲಿ ಹಿಡಿದು ನೋಡಿ: ಒಂದೇ ಅಳತೆಯ ಗಟ್ಟಿ ಹಿತ್ತಾಳೆ ಇದಕ್ಕಿಂತ ಸ್ಪಷ್ಟವಾಗಿ ಭಾರ.

ಪಿವಿಡಿ ಲೇಪ, ಅಂದರೆ ನಿರ್ವಾತದಲ್ಲಿ ಆವಿಯಿಂದ ಕೂರಿಸಿದ ಬಣ್ಣದ ಪದರ, ಗಟ್ಟಿ; ಸುಲಭಕ್ಕೆ ಗೀರುವುದಿಲ್ಲ. ಆದರೂ ಕೆಲವೇ ಮೈಕ್ರಾನ್ ದಪ್ಪದ ಆ ಪದರ ಕೆಟ್ಟ ಲೋಹವನ್ನು ಒಳ್ಳೆಯದಾಗಿಸದು.

ಸ್ಕ್ರೂಗಳನ್ನು ಯಾರೂ ಕೇಳುವುದೇ ಇಲ್ಲ. "ಮೊಳೆ ಸ್ಕ್ರೂ ಯಾವುದಾದರೇನು?" ಹಿತ್ತಾಳೆಯ ದೊಡ್ಡ ಪ್ಲೇಟಿಗೆ ಸಾದಾ ಉಕ್ಕಿನ ಪುಟ್ಟ ಸ್ಕ್ರೂ ಬಿಗಿದರೆ, ತೇವದಲ್ಲಿ ಎರಡು ಲೋಹಗಳ ನಡುವೆ ಸಣ್ಣ ವಿದ್ಯುತ್ ಪ್ರವಾಹ ಹರಿದು ಉಕ್ಕು ತನ್ನಷ್ಟಕ್ಕೆ ಇದ್ದಾಗಿಗಿಂತ ಬೇಗ ಸವೆಯುತ್ತದೆ. ತೇಗದ ಬಾಗಿಲಾದರೆ ಮರದೊಳಗಿನ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಸ್ಕ್ರೂ ಸುತ್ತ ಕಪ್ಪು ಕಲೆ ಇಳಿಯುತ್ತದೆ. ಹಿತ್ತಾಳೆಗೆ ಹಿತ್ತಾಳೆಯದೇ ಸ್ಕ್ರೂ, ಸ್ಟೀಲಿಗೆ ಅದೇ ಗ್ರೇಡಿನದು. ಗಟ್ಟಿ ಮರದಲ್ಲಿ ಹಿತ್ತಾಳೆಯ ಸ್ಕ್ರೂ ತಲೆ ಮುರಿದೀತು. ಮೊದಲು ತೂತು ಕೊರೆದು, ಉಕ್ಕಿನ ಸ್ಕ್ರೂ ಹಾಕಿ ತೆಗೆದು, ಆಮೇಲೆ ಹಿತ್ತಾಳೆಯದನ್ನು ತಿರುಗಿಸಲು ಆಚಾರಿಗಳಿಗೆ ಹೇಳಿ.

ಒಕ್ಕಲಿನ ಮುಂಚಿನ ವಾರ ನಡೆಯುವ ಒಂದು ಅನಾಹುತವನ್ನು ಎಷ್ಟೋ ಮನೆಗಳಲ್ಲಿ ಕಂಡು ಬೇಸರಪಟ್ಟಿದ್ದೇನೆ. ಟೈಲ್ಸಿಗೆ ಅಂಟಿದ ಸಿಮೆಂಟ್ ಬಿಡಿಸಲು ಆಸಿಡ್ ಸುರಿಯುತ್ತಾರೆ. ಅದು ಹೈಡ್ರೋಕ್ಲೋರಿಕ್ ಆಮ್ಲ. ಅದರ ಆವಿಯಲ್ಲಿರುವುದೂ ಅದೇ ಕ್ಲೋರೈಡ್, ಕಡಲ ಗಾಳಿಯದಕ್ಕಿಂತ ಎಷ್ಟೋ ಪಾಲು ತೀಕ್ಷ್ಣ. ಒಂದು ರಾತ್ರಿ ಬಾಗಿಲು ಮುಚ್ಚಿಟ್ಟರೆ ಬೆಳಿಗ್ಗೆ ಹೊಸ ಹಿಡಿ, ಬಿಜಾಗರಿಗಳ ಮೇಲೆ ಕಂದು ಚುಕ್ಕೆ. "ಸಾಮಾನೇ ಡೂಪ್ಲಿಕೇಟು" ಎಂದು ಅಂಗಡಿಯವರ ಜೊತೆ ಜಗಳ ಶುರುವಾಗುತ್ತದೆ. ಆಸಿಡ್ ಕೆಲಸ ಮುಗಿಸಿ, ಧಾರಾಳ ನೀರು ಹೊಯ್ದು, ಕಿಟಕಿ ತೆರೆದಿಟ್ಟು, ನೆಲ ಒಣಗಿದ ಮೇಲೆಯೇ ಹಿಡಿ, ಚಿಲಕ ಹಾಕಿಸಿ. ಆಗಲೇ ಹಾಕಿಯಾಗಿದ್ದರೆ ಪ್ಲಾಸ್ಟಿಕ್ ಸುತ್ತಿ ಸುಮ್ಮನಾಗಬೇಡಿ, ಆವಿ ಒಳಗೇ ಉಳಿದೀತು. ಬಿಚ್ಚಿ ಬೇರೆ ಮನೆಯಲ್ಲಿಡಿ.