ಮುಪ್ಪಿನ ಓಟಗಾರನ ಕಾಲು

ಎತ್ತಿನ ಗಾಡಿಯ ಅಚ್ಚು ಉರುಳಿದಷ್ಟೂ ಸವೆಯುತ್ತದೆ. ಸವೆದ ಭಾಗವು ತಾನಾಗಿ ಬೆಳೆಯುವುದಿಲ್ಲ. ಮನುಷ್ಯನ ಕಾಲೂ ಇಂತಹುದೇ ಆಗಿದ್ದರೆ ಮುಪ್ಪಿನಲ್ಲಿ ಓಡುವುದು ಹುಚ್ಚುಸಾಹಸವೇ ಆಗುತ್ತಿತ್ತು. ಆದರೆ ಜಡಯಂತ್ರಕ್ಕೂ ಜೀವಂತ ಅಂಗಕ್ಕೂ ಮುಖ್ಯವಾದ ಅಂತರವೊಂದುಂಟು: ಅಂಗವು ಸವೆಯುತ್ತಿರುವಾಗಲೇ ತನ್ನನ್ನು ತಾನು ಕಟ್ಟಿಕೊಳ್ಳುತ್ತಲೂ ಇರುತ್ತದೆ.

ಇದಕ್ಕೆ ಕೆನಡಾದ ಎಡ್ ವಿಟ್ಲಾಕ್ ಅವರು ಒಳ್ಳೆಯ ನಿದರ್ಶನ. 1931ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದ ಇವರು ವೃತ್ತಿಯಿಂದ ಗಣಿ ಎಂಜಿನಿಯರು. 42 ಕಿಲೋಮೀಟರುಗಳಿಗೆ ತುಸು ಮೀರಿದ ಮ್ಯಾರಥಾನ್ ದೂರವನ್ನು 2003ರಲ್ಲಿ, ತಮ್ಮ 72ನೆಯ ವಯಸ್ಸಿನಲ್ಲಿ, 2 ಗಂಟೆ 59 ನಿಮಿಷ 10 ಸೆಕೆಂಡುಗಳಲ್ಲಿ ಓಡಿದರು. 70 ದಾಟಿದವರಲ್ಲಿ 3 ಗಂಟೆಯೊಳಗೆ ಆ ದೂರವನ್ನು ಮುಗಿಸಿದ ಮೊದಲಿಗರು ಇವರೇ. ಮರುವರ್ಷ ಅದೇ ದೂರವನ್ನು 2 ಗಂಟೆ 54 ನಿಮಿಷ 48 ಸೆಕೆಂಡುಗಳಲ್ಲಿ ಕ್ರಮಿಸಿದರು. ಇವರ ಅಭ್ಯಾಸದಲ್ಲಿ ಬೆಡಗೇನೂ ಇರಲಿಲ್ಲ. ಮಿಲ್ಟನ್ ಎಂಬ ಊರಿನಲ್ಲಿ ಮನೆಗೆ ಸಮೀಪದ ಸಮಾಧಿಭೂಮಿಯ ಹಾದಿಯಲ್ಲಿ, ಕೆಲವು ಕಾಲ ದಿನಕ್ಕೆ 3 ಗಂಟೆಗಳವರೆಗೂ, ನಿಧಾನವಾಗಿ ಸುತ್ತು ಹಾಕುತ್ತಿದ್ದರು. ಆದರೂ ಮೊಣಕಾಲಿನ ನೋವು ಹಲವು ಸಲ ಇವರನ್ನು ಓಟದಿಂದ ದೂರವಿರಿಸಿತು.

ನೋವೇಕೆ ಬರುತ್ತದೆ? ಓಡುವಾಗ ಪ್ರತಿ ಹೆಜ್ಜೆಯಲ್ಲಿಯೂ ನೆಲವು ಕಾಲನ್ನು ದೇಹತೂಕದ ಎರಡು ಮೂರು ಪಟ್ಟು ಬಲದಿಂದ ಒತ್ತುತ್ತದೆ. 60 ಕಿಲೋಗ್ರಾಂ ತೂಕದವನ ಕಾಲಿಗೆ ಇದು 120ರಿಂದ 180 ಕಿಲೋಗ್ರಾಂ ಹೊರೆಗೆ ಸಮಾನ. ಈ ಹೊರೆಯನ್ನು ಮಾಂಸಖಂಡ, ಅದನ್ನು ಎಲುಬಿಗೆ ಬಿಗಿಯುವ ಸ್ನಾಯುರಜ್ಜು, ಕೀಲಿನ ಮೃದ್ವಸ್ಥಿ ಇವು ಹಂಚಿಕೊಳ್ಳುತ್ತವೆ. ಮಾಂಸಖಂಡಕ್ಕೆ ರಕ್ತಪೂರೈಕೆ ಹೇರಳವಾದುದರಿಂದ ಅದರ ಗಾಯ ಬೇಗ ಮಾಯುತ್ತದೆ. ಸ್ನಾಯುರಜ್ಜುವಿಗೆ ರಕ್ತ ಕಡಿಮೆ. ಅದು ಗುಣವಾಗಲು ತಿಂಗಳುಗಳೇ ಬೇಕು. ಮೃದ್ವಸ್ಥಿಯಲ್ಲಂತೂ ರಕ್ತನಾಳಗಳೇ ಇಲ್ಲ. ವಯಸ್ಸಾದಂತೆ ಮಾಂಸಖಂಡ ಕುಗ್ಗುತ್ತದೆ, ದುರಸ್ತಿಯ ವೇಗವೂ ತಗ್ಗುತ್ತದೆ.

ಹಾಗೆಂದು ಹಾಸಿಗೆ ಹಿಡಿದರೆ ಗುಣವಾಗುವುದೆ? ಇಲ್ಲ. ಹೊರೆಯೇ ಬೀಳದ ಎಲುಬೂ ಮಾಂಸಖಂಡವೂ ಇನ್ನಷ್ಟು ಬಲಗುಂದುತ್ತವೆ. ಹದವಾದ ಎಳೆತವಿದ್ದಾಗಲೇ ಸ್ನಾಯುರಜ್ಜುವಿನ ಹೊಸ ಎಳೆಗಳು ಎಳೆತದ ದಿಕ್ಕಿನಲ್ಲಿ ಒಪ್ಪವಾಗಿ ಜೋಡಣೆಗೊಳ್ಳುತ್ತವೆ. ಆದರೆ ಶ್ರಮದ ಅನಂತರದ ಒಂದು ಒಂದೂವರೆ ದಿನ ಈ ಎಳೆಗಳ ಒಡೆಯುವಿಕೆಯೇ ಕಟ್ಟುವಿಕೆಯನ್ನು ಮೀರಿರುತ್ತದೆ. ಅಲ್ಲಿಂದ ಮುಂದೆ ಕಟ್ಟುವಿಕೆ ಮೇಲುಗೈ ಪಡೆಯುತ್ತದೆ. ಆದುದರಿಂದ ಚೇತರಿಸಿಕೊಳ್ಳುತ್ತಿರುವವನು ದಿನ ಬಿಟ್ಟು ದಿನ ಓಡುವುದು ಯುಕ್ತ.

ಇಲ್ಲೊಂದು ಅಪಾಯವನ್ನು ಗಮನಿಸಬೇಕು. ಹೃದಯ ಮತ್ತು ಶ್ವಾಸಕೋಶಗಳ ಕಸುವು ಕೆಲವೇ ವಾರಗಳಲ್ಲಿ ಮರಳತೊಡಗುತ್ತದೆ. ಉಸಿರು ಸರಾಗವಾದ ಓಟಗಾರನಿಗೆ ತಾನು ಪೂರ್ಣ ಗುಣವಾದೆನೆಂಬ ಭ್ರಮೆ ಹುಟ್ಟುತ್ತದೆ. ಸ್ನಾಯುರಜ್ಜು ಮಾತ್ರ ಇನ್ನೂ ಸಿದ್ಧವಾಗಿರುವುದಿಲ್ಲ. ಹಳೆಯ ಗಾಯ ಮರುಕಳಿಸುವುದು ಬಹುವಾಗಿ ಈ ಘಟ್ಟದಲ್ಲಿಯೇ. ಮೊದಲು ನಡಿಗೆ, ಬಳಿಕ ನಡಿಗೆಯ ನಡುನಡುವೆ ಕಿರು ಓಟ, ಅನಂತರ ದೂರ, ಕಟ್ಟಕಡೆಗೆ ವೇಗ—ಇದು ಕ್ಷೇಮಕರವಾದ ಕ್ರಮ. ಮಾರನೆಯ ಬೆಳಗ್ಗೆ ನೋವು ಹೆಚ್ಚಿದ್ದರೆ ಹಿಂದಿನ ದಿನದ ಹೊರೆ ಅತಿಯಾಯಿತೆಂದೇ ಅರ್ಥ. ಕೀಲು ಊದಿಕೊಂಡರೆ ವೈದ್ಯರನ್ನು ಕಾಣಬೇಕು.

ವಿಟ್ಲಾಕ್ ಅವರು 2016ರಲ್ಲಿ, 85ನೆಯ ವಯಸ್ಸಿನಲ್ಲಿ, ಟೊರಾಂಟೋ ನಗರದ ಮ್ಯಾರಥಾನನ್ನು 3 ಗಂಟೆ 56 ನಿಮಿಷ 34 ಸೆಕೆಂಡುಗಳಲ್ಲಿ ಮುಗಿಸಿದರು, 2017ರಲ್ಲಿ ನಿಧನರಾದರು. ಅವರ ವೇಗ ಎಲ್ಲರಿಗೂ ದಕ್ಕುವಂತಹುದಲ್ಲ. ಆದರೆ ನೋವಿನಿಂದ ನಿಂತ ಕಾಲನ್ನು ತಾಳ್ಮೆಯಿಂದ ಮತ್ತೆ ನಡೆಸುವ ಕ್ರಮವನ್ನು ನಮ್ಮ ಮನೆಯ ಹಿರಿಯರೂ ಅನುಸರಿಸಬಹುದು.