ವೃದ್ಧಾಶ್ರಮದಲ್ಲೊಂದು ಹಾಡಿನ ಗುಂಪು

ಹಾಡುವುದಕ್ಕೂ ಹಾಡು ಕೇಳುವುದಕ್ಕೂ ಬಹಳ ವ್ಯತ್ಯಾಸವಿದೆ. ವೃದ್ಧಾಶ್ರಮದ ಹಜಾರದಲ್ಲಿ ದಿನವಿಡೀ ಟಿ.ವಿ. ಹಾಡುತ್ತಿದ್ದರೂ ಕುರ್ಚಿಗಳಲ್ಲಿ ಕೂತವರು ಒಂಟಿಯಾಗಿಯೇ ಇರಬಹುದು.

ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಸಂಗೀತ ಚಿಕಿತ್ಸಾ ತಜ್ಞೆ ಫೆಲಿಸಿಟಿ ಬೇಕರ್ ಮತ್ತು ಸಂಗಡಿಗರು ಕೂಡಿ ಹಾಡುವುದರ ಮತ್ತು ಸಂಗೀತ ಚಿಕಿತ್ಸೆಯ ಫಲವನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದರು. ವೃದ್ಧರ ಆರೈಕೆಯ 20 ಘಟಕಗಳ 318 ನಿವಾಸಿಗಳು ಅದರಲ್ಲಿದ್ದರು. ಎಲ್ಲರಿಗೂ ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆ, ಜೊತೆಗೆ ಖಿನ್ನತೆ. ಕೆಲವೆಡೆ ತರಬೇತಿ ಪಡೆದ ಚಿಕಿತ್ಸಕರು ಸಂಗೀತ ಚಿಕಿತ್ಸೆಯ ಸಣ್ಣ ಗುಂಪುಗಳನ್ನು ನಡೆಸಿದರು. ಕೆಲವೆಡೆ ಸಂಗೀತ ಬಲ್ಲವರೊಬ್ಬರು ಎಲ್ಲರನ್ನೂ ಕೂಡಿಸಿಕೊಂಡು ಪರಿಚಿತ ಹಾಡುಗಳನ್ನು ಹಾಡಿಸಿದರು. ಇನ್ನು ಕೆಲವೆಡೆ ಎರಡೂ. ಉಳಿದೆಡೆ ಎಂದಿನ ಆರೈಕೆ ಮಾತ್ರ. ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಆರು ತಿಂಗಳ ಕೊನೆಗೆ ಖಿನ್ನತೆ ಸ್ಪಷ್ಟವಾಗಿ ತಗ್ಗಿದ್ದು ಸಮೂಹಗಾಯನ ನಡೆದ ಕಡೆ. ಚಿಕಿತ್ಸಕರ ಗುಂಪುಗಳಲ್ಲಿ ಅಷ್ಟು ಖಚಿತ ಫಲ ಕಾಣಲಿಲ್ಲ. ಹಾಗೆಂದು ಸಂಗೀತ ಚಿಕಿತ್ಸೆಯೇ ವ್ಯರ್ಥವೆನ್ನಲಾಗದು. ಆದರೆ ಎಲ್ಲರೂ ಕೂಡಿ ಹಾಡುವ ಸರಳ ಕೆಲಸಕ್ಕೆ ಇಷ್ಟು ಬಲವಿದೆ ಎಂಬುದು ಬಡ ಆಶ್ರಮಗಳಿಗೂ ಭರವಸೆಯ ಸುದ್ದಿ.

ನಿನ್ನೆಯ ಊಟ ಮರೆತವರಿಗೆ ಹಳೆಯ ಹಾಡು ಹೇಗೆ ನೆನಪಿರುತ್ತದೆ? ಬಹುಕಾಲದಿಂದ ಬಲ್ಲ ಹಾಡುಗಳನ್ನು ಗುರುತಿಸುವ ಮಿದುಳಿನ ಭಾಗಗಳು ಅಲ್‌ಝೈಮರ್ ಕಾಯಿಲೆಯಲ್ಲಿ ಉಳಿದ ಭಾಗಗಳಿಗಿಂತ ಕಡಿಮೆ ಸವೆಯುತ್ತವೆ ಎಂದು ಜರ್ಮನಿಯ ಲೈಪ್‌ಝಿಗ್‌ನ ವಿಜ್ಞಾನಿಗಳು 2015ರಲ್ಲಿ ತೋರಿಸಿದರು. ಹಾಡು ಜನರನ್ನೂ ಬೆಸೆಯುತ್ತದೆ. ಅದೇ ವರ್ಷ ಬ್ರಿಟನ್ನಿನ ಒಂದು ಅಧ್ಯಯನ ವಯಸ್ಕರ ತರಗತಿಗಳನ್ನು ಹೋಲಿಸಿ ನೋಡಿತು. ಕರಕುಶಲ ಕೆಲಸ, ಬರವಣಿಗೆ ಕಲಿಯಲು ಬಂದವರಿಗಿಂತ ಹಾಡಲು ಬಂದ ಅಪರಿಚಿತರು ಬೇಗ ಹತ್ತಿರವಾದರು. ಮನೆಮಂದಿಯನ್ನು ಬಿಟ್ಟು ಆಶ್ರಮಕ್ಕೆ ಬಂದ ಹೊಸಬರಿಗೆ ಬೇಕಾದದ್ದೂ ಇದೇ ಅಲ್ಲವೇ?

ಹಾಡು ಕಾಯಿಲೆಯನ್ನು ವಾಸಿಮಾಡದು. ಕೆಲವರಿಗೆ ಒಂದು ಹಾಡು ಅಳು ತರಿಸಬಹುದು, ಗದ್ದಲ ಹಿಂಸೆಯಾಗಬಹುದು. ಅವರು ಎದ್ದುಹೋಗಲು ಬಿಡಬೇಕು. ವಯಸ್ಸಾದ ಕಂಠಕ್ಕೆ ಶ್ರುತಿ ತಗ್ಗಿಸಬೇಕು, ಲಯ ನಿಧಾನವಾಗಬೇಕು. ಹಬ್ಬದ ದಿನ ಯಾರೋ ಬಂದು ಹಾಡಿ ಹೋಗುವುದಲ್ಲ. ಔಷಧಿಯಂತೆ ವಾರವಾರವೂ ತಪ್ಪದೆ ನಡೆಯಬೇಕು.

ನಿಮ್ಮ ಹಿರಿಯರು ಆಶ್ರಮದಲ್ಲಿದ್ದರೆ, ಹರೆಯದಲ್ಲಿ ಅವರು ಹಾಡುತ್ತಿದ್ದ ಭಜನೆ, ಸೋಬಾನೆ, ಸಿನಿಮಾ ಹಾಡುಗಳ ಪಟ್ಟಿಯೊಂದನ್ನು ಬರೆದು ಅಲ್ಲಿನ ಸಿಬ್ಬಂದಿಗೆ ಕೊಡಿ. ಮುಂದಿನ ಸಲ ಹೋದಾಗ ನೀವೂ ಅವರ ಜೊತೆ ಕೂತು ಹಾಡಿ.